ಅಂಗವಿಕಲ ಮಾಜಿ ಸೈನಿಕರು: ಹಕ್ಕು ಕಳೆದುಹೋಗುವುದು ಕಾಗದದಲ್ಲಿ

ಸಂಪಾದಕರಿಗೆ,

ಮಾನ್ಯರೇ,

ಜನವರಿ 14 ಮಾಜಿ ಸೈನಿಕರ ದಿನ. ಕೊಡಗಿನ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದದ್ದು ಅದೇ ದಿನ. ಸಂಕ್ರಾಂತಿಯ ಎಳ್ಳು-ಬೆಲ್ಲದ ಗಡಿಬಿಡಿಯಲ್ಲಿ ಅದು ಬಂದು ಹೋಗುವುದು ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಪತ್ರಿಕೆಗಳಲ್ಲಿ ಶಾಲು ಹೊದಿಸುವ ಫೋಟೊ ಬರುತ್ತದೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಕಾಲು ಕಳೆದುಕೊಂಡೋ, ಕಿವಿ ಕೇಳಿಸದೆಯೋ, ಬೆನ್ನುಹುರಿಗೆ ಪೆಟ್ಟು ಬಿದ್ದೋ ಊರಿಗೆ ಮರಳಿದ ಸೈನಿಕನಿಗೆ ಏನು ಸಿಗಬೇಕು, ಅದು ಎಲ್ಲಿ ತಪ್ಪಿಹೋಗುತ್ತದೆ ಎಂಬುದನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳುವವರು ಕಡಿಮೆ. ಅಂಗವೈಕಲ್ಯ ಪಿಂಚಣಿ ತಪ್ಪುವುದು ಗಾಯ ಚಿಕ್ಕದೆಂದಲ್ಲ, ಬಹುಪಾಲು ಕಾಗದ ಸರಿಯಿಲ್ಲವೆಂದು. ಹಾಗಾಗಿ ಈ ಪತ್ರ ಕಾಗದದ ಬಗ್ಗೆಯೇ.

ಮೊದಲು ಲೆಕ್ಕ. ಅಂಗವೈಕಲ್ಯ ಪಿಂಚಣಿಯಲ್ಲಿ ಎರಡು ಭಾಗ: ಸೇವೆಗೆ ಸಿಗುವ ಸರ್ವಿಸ್ ಎಲಿಮೆಂಟ್, ನ್ಯೂನತೆಗೆ ಸಿಗುವ ಡಿಸೆಬಿಲಿಟಿ ಎಲಿಮೆಂಟ್. ಎರಡನೆಯದು 100 ಪರ್ಸೆಂಟ್ ನ್ಯೂನತೆಗೆ ಕೊನೆಯ ವೇತನದ ಶೇ 30. ನ್ಯೂನತೆ ಕಡಿಮೆಯಾದಂತೆ ಅದೇ ಪ್ರಮಾಣದಲ್ಲಿ ಇದೂ ಇಳಿಯುತ್ತದೆ. ಕೊನೆಯ ವೇತನ, ಮಿಲಿಟರಿ ಸರ್ವಿಸ್ ಪೇ ಸೇರಿ, 40,000 ರೂಪಾಯಿ ಇತ್ತೆನ್ನಿ. ನೂರಕ್ಕೆ ನೂರು ನ್ಯೂನತೆಗೆ ತಿಂಗಳಿಗೆ 12,000. ಶೇ 20ಕ್ಕೆ 2,400. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಯುದ್ಧದಲ್ಲಿ ಅಥವಾ ಕಾರ್ಯಾಚರಣೆಯಲ್ಲಿ ಆದ ಗಾಯವಾದರೆ ಇದೇ ಭಾಗ ವಾರ್ ಇಂಜುರಿ ಎಲಿಮೆಂಟ್ ಆಗುತ್ತದೆ. ಸೇವೆ ಮುಗಿಸಿ ಬಂದವರಿಗೆ ಶೇ 60ರ ದರ, ಗಾಯದ ಕಾರಣಕ್ಕೇ ಮನೆಗೆ ಕಳುಹಿಸಲ್ಪಟ್ಟವರಿಗೆ ಪೂರ್ತಿ ಕೊನೆಯ ವೇತನದ ದರ. ಒಂದೇ ಗಾಯಕ್ಕೆ ಫಾರಂನಲ್ಲಿ ಯಾವ ವರ್ಗ ಬರೆದಿದ್ದಾರೆ ಎಂಬುದರ ಮೇಲೆ ಮನೆಗೆ ಬರುವ ಹಣ ಇಮ್ಮಡಿ, ಮುಮ್ಮಡಿ ಆಗುತ್ತದೆ.

ರೌಂಡಿಂಗ್ ಆಫ್ ಎಂಬ ಇನ್ನೊಂದು ಸಂಗತಿಯಿದೆ. ಶೇ 50ಕ್ಕಿಂತ ಕಡಿಮೆ ನ್ಯೂನತೆಯನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲಿನದನ್ನು 100 ಎಂದೂ ಲೆಕ್ಕ ಹಿಡಿಯುವುದು. ಮೇಲಿನ ಉದಾಹರಣೆಯ ಶೇ 20ರ ಸೈನಿಕನಿಗೆ 2,400ರ ಬದಲು 6,000 ಬರುತ್ತದೆ. 1996ರಿಂದ ಇದ್ದ ಈ ಸೌಲಭ್ಯ ಬಹಳ ಕಾಲ ವೈದ್ಯಕೀಯ ಕಾರಣಕ್ಕೆ ಬಿಡುಗಡೆಯಾದವರಿಗಷ್ಟೇ ಸಿಗುತ್ತಿತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಹಳೆಯ ಪಿಂಚಣಿದಾರರ ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಇನ್ನೂ ಶೇ 20, 30 ಎಂದೇ ಇದ್ದರೆ ಅದನ್ನೊಮ್ಮೆ ತಿಳಿದವರಿಗೆ ತೋರಿಸಲೇಬೇಕು. ತಾನಾಗಿ ಸರಿಯಾಗುತ್ತದೆಂದು ಕಾದು ಕುಳಿತವರಿಗೆ ಅದು ಸರಿಯಾಗಿ ಬಂದದ್ದು ಕಡಿಮೆ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಸೇವೆಯಲ್ಲಿ ಮುಂದುವರಿದು ನಿವೃತ್ತರಾದವರಿಗೆ ಸಿಗುವ ಪರಿಹಾರದ ಹೆಸರೇ ಈಗ ಇಂಪೇರ್‌ಮೆಂಟ್ ರಿಲೀಫ್ ಎಂದಾಗಿದೆ. ಹಾಗಾಗಿ ಯಾರದೇ ಕಡತ ನೋಡುವಾಗ ಮೊದಲು ನೋಡಬೇಕಾದದ್ದು ಬಿಡುಗಡೆಯ ದಿನಾಂಕ. ಅಣ್ಣನಿಗೆ ಸಿಕ್ಕಿದ್ದು ತಮ್ಮನಿಗೂ ಅದೇ ನಿಯಮದಲ್ಲಿ ಸಿಗುತ್ತದೆ ಎಂದುಕೊಳ್ಳುವಂತಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ, ಬಿಡುಗಡೆಗೆ ಮುನ್ನ ನಡೆಯುವ ಮೆಡಿಕಲ್ ಬೋರ್ಡ್. ಅದರ ಫಾರಂನಲ್ಲಿ ಪ್ರತಿ ಕಾಯಿಲೆಗೂ ಕೇಳುವ ಪ್ರಶ್ನೆ ಎರಡು: ಇದು ಸೇವೆಯಿಂದ ಉಂಟಾದದ್ದೇ? ಅಲ್ಲವಾದರೆ, ಸೇವೆಯಿಂದ ಉಲ್ಬಣಗೊಂಡದ್ದೇ? ಎರಡಕ್ಕೂ ‘ಇಲ್ಲ’ ಎಂದು ಬಿದ್ದರೆ ಡಿಸೆಬಿಲಿಟಿ ಎಲಿಮೆಂಟ್ ಇಲ್ಲ. ಈ ಎರಡು ‘ಇಲ್ಲ’ಗಳನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ‘ನಾನಾ’ ಎಂದು ಕರೆಯುವುದು ಸೇನೆಯ ರೂಢಿ. ಕನ್ನಡದಲ್ಲಿ ನಾನಾ ಎಂದರೆ ಹಲವು ಬಗೆ. ಇಲ್ಲಿ ಮಾತ್ರ ಅದಕ್ಕೆ ಏನೂ ಇಲ್ಲ ಎಂಬುದೊಂದೇ ಅರ್ಥ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಮಾನಸಿಕ ಕಾಯಿಲೆಗಳಿಗೆ ಈ ಮೊಹರು ಸಲೀಸಾಗಿ ಬೀಳುತ್ತದೆ. ಸಾಮಾನ್ಯವಾಗಿ ಕೊಡುವ ಕಾರಣ ‘ಶಾಂತಿ ಪ್ರದೇಶದಲ್ಲಿದ್ದಾಗ ಶುರುವಾಗಿದೆ’ ಎಂಬುದು. ಸಿಯಾಚಿನ್‌ನಲ್ಲಿ, ಕಾಶ್ಮೀರದಲ್ಲಿ ಇದ್ದು ಬಂದು ಕೆಲವೇ ತಿಂಗಳಿಗೆ ಪತ್ತೆಯಾದ ಕಾಯಿಲೆಗೂ ಹೀಗೆ ಬರೆಯುವುದುಂಟು. ಪತ್ತೆಯಾದ ಊರು, ಕಾಯಿಲೆ ಹುಟ್ಟಿದ ಊರು ಒಂದೇ ಆಗಿರಬೇಕಿಲ್ಲ ಎಂಬುದು ಯಾವ ವೈದ್ಯರಿಗೂ ಗೊತ್ತಿರುವ ಮಾತು.

ಇದಕ್ಕೆ ಎದುರಾಗಿ ಸೈನಿಕನ ಕೈಯಲ್ಲಿರುವ ದೊಡ್ಡ ಆಸರೆ 2013ರ ಧರಮ್‌ವೀರ್ ಸಿಂಗ್ ತೀರ್ಪು. ಭರ್ತಿಯಾಗುವಾಗಿನ ತಪಾಸಣೆಯಲ್ಲಿ ಯಾವ ಕಾಯಿಲೆಯನ್ನೂ ನಮೂದಿಸದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು. ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು, ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ. ಮರುವರ್ಷದ ಸುಖ್‌ವಿಂದರ್ ಸಿಂಗ್ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಾಯಿಲೆಯ ಕಾರಣಕ್ಕೇ ಒಬ್ಬನನ್ನು ಮನೆಗೆ ಕಳುಹಿಸಿದ ಮೇಲೆ ನ್ಯೂನತೆ ಶೇ 20ಕ್ಕಿಂತ ಕಡಿಮೆ ಎನ್ನುವಂತಿಲ್ಲ ಎಂದಿತು. ಇವೆರಡೂ ಹಳೆಯ ನಿಯಮಗಳ ಮೇಲೆ ಬಂದ ತೀರ್ಪುಗಳು ಎಂಬುದನ್ನು ಹೊಸದಾಗಿ ಬಿಡುಗಡೆಯಾಗುವವರು ನೆನಪಿಡಬೇಕು.

ಬೋರ್ಡಿಗೆ ಹೋಗುವ ಮುನ್ನ ಸೈನಿಕ ಮಾಡಿಕೊಳ್ಳಬೇಕಾದ ಕೆಲಸ ಏನು? ಗಾಯವಾದರೆ ಆಗಲೇ ಇಂಜುರಿ ರಿಪೋರ್ಟ್ ಆಗಿದೆಯೇ ನೋಡಬೇಕು. ಗಾಯವಾದಾಗ ಡ್ಯೂಟಿಯಲ್ಲಿದ್ದನೇ ಇಲ್ಲವೇ ಎಂದು ಕಮಾಂಡಿಂಗ್ ಅಧಿಕಾರಿ ಬರೆಯುವ ಕಾಗದ ಅದು. ಐಎಎಫ್‌ವೈ 2006 ಎಂಬುದು ಅದರ ಫಾರಂ ಸಂಖ್ಯೆ. ಸೇನೆಯ ಒಳವಿಚಾರಣೆಯಾದ ಕೋರ್ಟ್ ಆಫ್ ಎಂಕ್ವೈರಿ ನಡೆದಿದ್ದರೆ ಅದರ ತೀರ್ಮಾನದ ಪ್ರತಿಯೂ ಬೇಕು. ಆಟದ ಮೈದಾನದಲ್ಲಿ ಮೊಣಕಾಲು ಮುರಿದಾಗ ‘ಇರಲಿ ಬಿಡಿ ಸಾರ್’ ಎಂದು ಬಿಟ್ಟವನು ಹದಿನೈದು ವರ್ಷ ಕಳೆದು ಅದನ್ನು ಸಾಬೀತು ಮಾಡಲಾರ. ಆ ಆಟ ಯೂನಿಟ್ಟಿನ ಅಧಿಕೃತ ಆಟವೆಂದು ತೋರಿಸುವ ಆದೇಶವೂ ಅಷ್ಟೇ ಮುಖ್ಯ. ಹೃದಯಾಘಾತವಾದರೆ ಅದಕ್ಕೆ ಮೊದಲಿನ 14 ದಿನ ಆತ ಏನೇನು ಕೆಲಸ ಮಾಡಿದ ಎಂಬ ದಿನವಹಿ ಪಟ್ಟಿಯನ್ನು ವೈದ್ಯರು ಕೇಳುತ್ತಾರೆ. ಅದನ್ನು ಬರೆದುಕೊಡಬೇಕಾದ್ದು ಯೂನಿಟ್. ‘ಸಾಮಾನ್ಯ ಡ್ಯೂಟಿ’ ಎಂಬ ಎರಡೇ ಪದ ಗೀಚಿ ಕಳುಹಿಸಿದರೆ ಕ್ಲೇಮು ಅಲ್ಲಿಗೇ ಸತ್ತಂತೆ. ರಾತ್ರಿ ಗಸ್ತು, ದೂರದ ಕಾನ್ವಾಯ್, ಓಟದ ಪರೀಕ್ಷೆ, ಇವೆಲ್ಲ ದಿನಾಂಕದೊಂದಿಗೆ ಅದರಲ್ಲಿ ಬರಬೇಕು. ಪೋಸ್ಟಿಂಗ್‌ಗಳ ಪಟ್ಟಿಯಲ್ಲಿ ಯಾವುದು ಫೀಲ್ಡ್, ಯಾವುದು ಎತ್ತರದ ಪ್ರದೇಶ ಎಂದು ಸ್ಪಷ್ಟವಾಗಿ ಗುರುತು ಹಾಕಿಸಿಕೊಳ್ಳಬೇಕು. ಹಲವು ನ್ಯೂನತೆಗಳಿದ್ದರೆ ಒಟ್ಟು ಪರ್ಸೆಂಟ್ ಕೂಡಿಸಿದ ಲೆಕ್ಕವಲ್ಲ ಎಂಬುದೂ ತಿಳಿದಿರಲಿ. 30 ಮತ್ತು 20 ಸೇರಿ 50 ಆಗುವುದಿಲ್ಲ, ಬೋರ್ಡ್ ಒಂದು ಕಾಂಪೊಸಿಟ್ ಅಂಕಿ ಹಾಕುತ್ತದೆ. ಸಹಿ ಮಾಡುವ ಮೊದಲು ಪ್ರತಿ ಪುಟ ಓದಬೇಕು. ಬೋರ್ಡ್ ಪ್ರೊಸೀಡಿಂಗ್ಸ್‌ನ ಪೂರ್ತಿ ಪ್ರತಿ ಕೈಗೆ ಬಾರದೆ ಯೂನಿಟ್ ಬಿಡಬಾರದು. ರೈಲು ಹತ್ತುವ ಆತುರದಲ್ಲಿ ಇದೇ ಮರೆತುಹೋಗುವುದು.

ಪ್ರತಿ ಇಲ್ಲದವರಿಗೆ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ: 10 ರೂಪಾಯಿ, 30 ದಿನ. ಅರ್ಜಿ ಹೋಗಬೇಕಾದದ್ದು ದೆಹಲಿಯ ಸಚಿವಾಲಯಕ್ಕಲ್ಲ, ಸೈನಿಕನ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ಸ್ ಆಫೀಸಿಗೆ. ಮದ್ರಾಸ್ ಸ್ಯಾಪರ್‌ಗಳದ್ದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ಬೆಳಗಾವಿಯಲ್ಲಿ, ವಾಯುಸೇನೆಯದ್ದು ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿ. ‘ವೈದ್ಯಕೀಯ ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಒಂದು ಹಾಳೆ ಬರುತ್ತದೆ. ಬಿಡುಗಡೆಯ ಮೆಡಿಕಲ್ ಬೋರ್ಡಿನ ಎಲ್ಲ ಪುಟಗಳು, ಅದಕ್ಕೂ ಹಿಂದೆ ಆರೋಗ್ಯದ ದರ್ಜೆ ನಿಗದಿಪಡಿಸಿದ ಕ್ಯಾಟಗರಿ ಬೋರ್ಡುಗಳು, ಇಂಜುರಿ ರಿಪೋರ್ಟ್, ಭರ್ತಿಯಾಗುವಾಗಿನ ಮೆಡಿಕಲ್ ತಪಾಸಣೆಯ ಹಾಳೆ, ಕ್ಲೇಮು ತಿರಸ್ಕರಿಸಿದ ಪತ್ರ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ಭರ್ತಿ ಹಾಳೆಯನ್ನು ಎಲ್ಲರೂ ಮರೆಯುತ್ತಾರೆ. ಧರಮ್‌ವೀರ್ ತೀರ್ಪು ನಿಂತಿರುವುದೇ ಆ ಹಾಳೆಯ ಮೇಲೆ.

ತಿರಸ್ಕಾರದ ಪತ್ರ ಬಂದ ಮೇಲೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಇವೆರಡೂ ರೆಕಾರ್ಡ್ಸ್ ಆಫೀಸಿನ ಮೂಲಕವೇ ಹೋಗುತ್ತವೆ. ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತಾರೆ. ಅಲ್ಲಿಗೂ ಆರು ತಿಂಗಳ ಗಡುವಿದೆ. ಆದರೆ ಪಿಂಚಣಿ ತಿಂಗಳು ತಿಂಗಳೂ ತಪ್ಪುವ ಹಕ್ಕಾದ್ದರಿಂದ, ತಡವಾಯಿತೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ತಡ ಮಾಡಿದವರಿಗೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕಷ್ಟೇ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳುತ್ತದೆ. ಅಂದರೆ ಇಪ್ಪತ್ತು ವರ್ಷ ಸುಮ್ಮನಿದ್ದವರು ಹದಿನೇಳು ವರ್ಷದ ಹಣವನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಹೀಗೆ ಸುಮ್ಮನಿರುವುದಕ್ಕೆ ಸೋಮಾರಿತನ ಕಾರಣವಲ್ಲ. ತಿರಸ್ಕಾರದ ಪತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಮೇಲ್ಮನವಿಯ ಅವಕಾಶದ ಮಾತು ಅದರ ಕೊನೆಯ ಸಾಲಿನಲ್ಲಿರುತ್ತದೆ. ಮನೆಯವರು ಅದನ್ನು ‘ಏನೋ ಸರ್ಕಾರಿ ಕಾಗದ’ ಎಂದು ಟ್ರಂಕಿಗೆ ಹಾಕಿಬಿಡುತ್ತಾರೆ.

ನಾನಾ ಎಂದಾದವರಿಗೂ ಎಲ್ಲ ದಾರಿ ಮುಚ್ಚಿಲ್ಲ. ಕಾಯಿಲೆಯಿಂದ ಮನೆಗೆ ಬಂದವರ ಇನ್‌ವ್ಯಾಲಿಡ್ ಪಿಂಚಣಿಗೆ ಮುಂಚೆ ಹತ್ತು ವರ್ಷದ ಸೇವೆ ಬೇಕಿತ್ತು. 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದು, ಹೊರಗಿನ ಕೆಲಸಕ್ಕೂ ಶಾಶ್ವತವಾಗಿ ಅಶಕ್ತರೆಂದು ಬೋರ್ಡ್ ಬರೆದವರಿಗೆ ಈಗ ಆ ಷರತ್ತಿಲ್ಲ. ಅಗ್ನಿವೀರರ ಲೆಕ್ಕವೇ ಬೇರೆ. ಅವರಿಗೆ ಅಂಗವೈಕಲ್ಯ ಪಿಂಚಣಿ ಇಲ್ಲ. ಸೇವೆಗೆ ಸಂಬಂಧಿಸಿದ ನ್ಯೂನತೆ ಶೇ 100, 75, 50 ಆದರೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿಯ ಒಂದು ಗಂಟು. ಇಪ್ಪತ್ತರ ಹುಡುಗನೊಬ್ಬ ಉಳಿದ ಆಯುಷ್ಯವನ್ನು ಅದರಲ್ಲಿ ಕಳೆಯಬೇಕು. ಇದು ಸಾಲದೆಂಬುದು ನಮ್ಮ ಅಭಿಪ್ರಾಯ. ‘ಸೇವೆಗೆ ಸಂಬಂಧಿಸಿದ’ ಎಂಬ ಮಾತು ಅಲ್ಲೂ ಇರುವುದರಿಂದ ಇಂಜುರಿ ರಿಪೋರ್ಟಿನ ಪಾಠ ಅವರಿಗೆ ಇನ್ನೂ ಹೆಚ್ಚು ಅನ್ವಯ.

ಇನ್ನು ಮನೆಯವರ ವಿಷಯ. ಹಾಸಿಗೆ ಹಿಡಿದವನನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಹೆಂಡತಿಯ ದುಡಿಮೆಗೆ ಸರ್ಕಾರದ ಪುಸ್ತಕದಲ್ಲಿ ಒಂದು ಹೆಸರಿದೆ, ಕಾನ್‌ಸ್ಟೆಂಟ್ ಅಟೆಂಡೆನ್ಸ್ ಅಲೊವೆನ್ಸ್. ನ್ಯೂನತೆ ಶೇ 100 ಇದ್ದು, ಸದಾ ಒಬ್ಬರ ಸಹಾಯ ಬೇಕೆಂದು ಬೋರ್ಡ್ ಬರೆದಿದ್ದರೆ ಸಿಗುತ್ತದೆ. 2017ರ ಜುಲೈಯಲ್ಲಿ ಇದನ್ನು ತಿಂಗಳಿಗೆ 6,750 ರೂಪಾಯಿಗೆ ಏರಿಸಿದರು. ಶೇ 100 ಎಂದು ಬರೆದು ಸಹಾಯಕರ ಸಾಲನ್ನು ಖಾಲಿ ಬಿಟ್ಟ ಬೋರ್ಡುಗಳಿವೆ. ಎರಡೂ ಕಾಲು ಸ್ವಾಧೀನವಿಲ್ಲದವನಿಗೆ ಸಹಾಯ ಬೇಕೋ ಬೇಡವೋ ಎಂದು ಮತ್ತೊಮ್ಮೆ ಕೇಳಬೇಕಾಗುತ್ತದೆ! ಮೊದಲು ಕಡಿಮೆ ಇದ್ದು ವಯಸ್ಸಾದಂತೆ ನ್ಯೂನತೆ ಹೆಚ್ಚಿದವರು ಮರುಪರಿಶೀಲನೆಯ ಬೋರ್ಡ್ ಕೇಳಬಹುದು. ಶಾಶ್ವತ ನ್ಯೂನತೆಯ ಅಂಕಿಯನ್ನು 2001ರ ಆದೇಶದ ಬಳಿಕ ಪಿಂಚಣಿದಾರ ತಾನಾಗಿ ಕೇಳದೆ ಮತ್ತೆ ಅಳೆಯುವಂತಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬೋರ್ಡಿಗೆ ಬರಬೇಕು ಎಂಬ ಹಳೆಯ ಭಯ ಈಗ ಬೇಡ.

ಪಿಂಚಣಿದಾರ ತೀರಿಕೊಂಡಾಗ ಮನೆಯವರು ದುಃಖದಲ್ಲಿ ನೋಡದೆ ಬಿಡುವ ಒಂದು ಸಾಲು ಮರಣದ ಕಾರಣ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಸೇವೆಗೆ ಸಂಬಂಧಿಸಿದ ಕಾಯಿಲೆಯಿಂದಲೇ ಸಾವು ಬಂದಿದೆ ಎಂದು ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಆಸ್ಪತ್ರೆಯವರು ಅಭ್ಯಾಸಬಲದಿಂದ ‘ಹೃದಯ ಸ್ತಂಭನ’ ಎಂದಷ್ಟೇ ಬರೆಯುತ್ತಾರೆ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಅದಕ್ಕೆ ಮೂಲವಾದ ಹಳೆಯ ಗಾಯ, ಹಳೆಯ ಕಾಯಿಲೆಯ ಹೆಸರು ವೈದ್ಯರ ಪ್ರಮಾಣಪತ್ರದಲ್ಲಿ ಬರುವಂತೆ ಕೇಳಿಕೊಳ್ಳಬೇಕು, ಕೊನೆಯ ಚಿಕಿತ್ಸೆಯ ಕೇಸ್ ಶೀಟ್ ಪಡೆದಿಡಬೇಕು. ಬದುಕಿದ್ದಾಗ ಬರಬೇಕಿದ್ದ ಹಿಂಬಾಕಿಯನ್ನೂ ವಾರಸುದಾರರು ಕೇಳಬಹುದು.

ಅಂಗವಿಕಲ ಮಗುವಿದ್ದರೆ ತಂದೆ-ತಾಯಿ ಇಬ್ಬರೂ ಹೋದ ಮೇಲೆ ಕುಟುಂಬ ಪಿಂಚಣಿ ಅದಕ್ಕೆ ಜೀವನಪೂರ್ತಿ ಸಲ್ಲುತ್ತದೆ. ದುಡಿದು ತಿನ್ನಲಾಗದಷ್ಟು ನ್ಯೂನತೆ ಇರಬೇಕು. ಸ್ವಂತ ಆದಾಯ, ಸೈನಿಕನ ಕೊನೆಯ ವೇತನದ ಶೇ 30 ಮತ್ತು ಅದರ ತುಟ್ಟಿಭತ್ಯೆಯ ಮಿತಿ ದಾಟಬಾರದು. ಇದಕ್ಕೆ ತಯಾರಿ ತಂದೆ ಬದುಕಿರುವಾಗಲೇ ಆಗಬೇಕು: ಮಗುವಿನ ಹೆಸರು ಸೇನೆಯ ದಾಖಲೆಗೆ ಸೇರುವ ಪಾರ್ಟ್ ಟು ಆರ್ಡರ್‌ನಲ್ಲಿ ಬಂದಿರುವುದು, ಅಂಗವೈಕಲ್ಯ ಪ್ರಮಾಣಪತ್ರ, ಪೋಷಕರ ನಾಮನಿರ್ದೇಶನ, ಪಿಪಿಒದಲ್ಲಿ ನಮೂದು. ಇಬ್ಬರೂ ಹೋದ ಮೇಲೆ ಚಿಕ್ಕಪ್ಪನೋ ಅತ್ತೆಯೋ ಇದನ್ನೆಲ್ಲ ಹೊಸದಾಗಿ ಮಾಡಿಸುವುದು ನರಕಯಾತನೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಲಕ್ಷ್ಮವ್ವ’, ಆಧಾರ್‌ನಲ್ಲಿ ‘ಲಕ್ಷ್ಮಿ’ ಎಂದಿರುವ ಮನೆಗಳು ನಮ್ಮಲ್ಲಿ ಅಸಂಖ್ಯ. ಆ ವ್ಯತ್ಯಾಸವನ್ನು ಸೈನಿಕ ಸಹಿ ಹಾಕಬಲ್ಲ ಕಾಲದಲ್ಲೇ ಸರಿಪಡಿಸಿಕೊಳ್ಳುವುದು ಸುಲಭ.

ಸೇನೆಯ ಬೋರ್ಡ್ ಕೊಟ್ಟ ಪರ್ಸೆಂಟ್ ಹೊರಗೆಲ್ಲ ನಡೆಯುತ್ತದೆಂಬ ತಪ್ಪು ತಿಳಿವಳಿಕೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೀಸಲು ಸೌಲಭ್ಯಗಳಿಗೆ ಶೇ 40 ಬೇಕು, ಅದನ್ನು ಅಳೆಯುವುದು ಜಿಲ್ಲಾ ಆಸ್ಪತ್ರೆ, ಕೊಡುವುದು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್. ಎರಡೂ ಅಳತೆಗೋಲು ಬೇರೆ. ಆದ್ದರಿಂದ ಎರಡೂ ಕಾಗದ ಬೇಕು.

ಚಿಕಿತ್ಸೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಇದೆ. ಮಗ 25 ದಾಟಿದರೆ, ದುಡಿದರೆ ಅಥವಾ ಮದುವೆಯಾದರೆ ಕಾರ್ಡ್ ನಿಲ್ಲುತ್ತದೆ. ಆದರೆ ಅಂಗವಿಕಲ ಅವಲಂಬಿತ ಮಗುವಿಗೆ ವಯಸ್ಸಿನ ಮಿತಿಯಿಲ್ಲ. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು, ಇಲ್ಲದಿದ್ದರೆ ಬಿಲ್ಲು ಸಿಕ್ಕಿಹಾಕಿಕೊಳ್ಳುತ್ತದೆ. ಕೃತಕ ಕೈಕಾಲಿಗೆ ಪುಣೆಯಲ್ಲಿ 1944ರಿಂದ ಇರುವ ಆರ್ಟಿಫಿಷಿಯಲ್ ಲಿಂಬ್ ಸೆಂಟರ್, ಬೆನ್ನುಹುರಿ ಪೆಟ್ಟಿನವರಿಗೆ ಖಡಕಿ ಮತ್ತು ಮೊಹಾಲಿಯ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರಗಳು. ಖಡಕಿಯಲ್ಲೇ ಇರುವ ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆ 1917ರಿಂದ ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುತ್ತಿದೆ. ನಮ್ಮ ಹುಡುಗರು ಅಲ್ಲಿಗೆ ಹೋಗುವುದು ಕಡಿಮೆ, ಹೇಳುವವರಿಲ್ಲದೆ.

ಮಕ್ಕಳ ಓದಿಗೆ, ಕಾರ್ಯಾಚರಣೆಯಲ್ಲಿ ಶಾಶ್ವತ ಅಂಗವಿಕಲರಾದವರ ಮಕ್ಕಳಿಗೆ ಬೋಧನಾ ಶುಲ್ಕ, ಹಾಸ್ಟೆಲು, ಪುಸ್ತಕ, ಸಮವಸ್ತ್ರದ ವೆಚ್ಚ ಮರಳುವ ಯೋಜನೆಯಿದೆ. ತಿಂಗಳಿಗೆ 10,000ದ ಮಿತಿಯನ್ನು 2018ರಲ್ಲಿ ತೆಗೆದರು. ವೃತ್ತಿಪರ ಕೋರ್ಸುಗಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ಅಂಗವಿಕಲರ ಮಕ್ಕಳಿಗೆ ಆದ್ಯತೆ. ಪಿಂಚಣಿಯೇ ಇಲ್ಲದ 65 ದಾಟಿದ ಬಡ ಮಾಜಿ ಸೈನಿಕರಿಗೆ, ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ನೆರವು 2025ರ ನವೆಂಬರ್ 1ರಿಂದ ತಿಂಗಳಿಗೆ 4,000ದಿಂದ 8,000ಕ್ಕೆ ಏರಿದೆ. ಇವಕ್ಕೆಲ್ಲ ಹೆಬ್ಬಾಗಿಲು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ.

ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಬಗ್ಗೆ ಒಂದು ಮಾತು. ಕೈ ಕಳೆದುಕೊಂಡವರು, ಬೆರಳು ಸುಟ್ಟವರು ಜೀವನ ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಲಾರರು. ಅವರಿಗೆ ಮೊಬೈಲಿನಲ್ಲಿ ಮುಖ ಗುರುತಿಸುವ ವಿಧಾನವಿದೆ, ಹಾಸಿಗೆಯಲ್ಲಿದ್ದವರಿಗೂ ಇದೇ ಒಳ್ಳೆಯದು. ಶುಲ್ಕ ಕೊಟ್ಟರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. ಇಲ್ಲಿ ಕೆಡುವುದು ಒಂದೇ ಕಡೆ. ಪಿಂಚಣಿ ಸ್ಪರ್ಶ್‌ಗೆ ವರ್ಗವಾದ ಮೇಲೂ, ಪಿಂಚಣಿ ಕೊಡುವ ಸಂಸ್ಥೆ ಯಾವುದೆಂದು ಕೇಳಿದಾಗ ಹಳೆಯ ಬ್ಯಾಂಕಿನ ಹೆಸರನ್ನೇ ಒತ್ತುತ್ತಾರೆ. ಪ್ರಮಾಣಪತ್ರ ತಯಾರಾದ ಮೆಸೇಜು ಬರುತ್ತದೆ, ಆದರೆ ಅದು ಸೇರಬೇಕಾದ ಕಡೆ ಸೇರಿರುವುದಿಲ್ಲ. ಪಿಂಚಣಿ ನಿಂತಾಗಲೇ ಗೊತ್ತಾಗುವುದು. ಅಲ್ಲಿ ಆರಿಸಬೇಕಾದದ್ದು ‘ಸ್ಪರ್ಶ್, ಪಿಸಿಡಿಎ ಪೆನ್ಷನ್ಸ್’ ಎಂಬ ಹೆಸರನ್ನು. ಜೊತೆಗೆ ಸ್ಪರ್ಶ್‌ನಲ್ಲಿ ಡಿಸೆಬಿಲಿಟಿ ಪರ್ಸೆಂಟ್ ಹಳೆಯ ಪಿಪಿಒದಲ್ಲಿದ್ದಂತೆಯೇ ಇದೆಯೇ, ಅದಕ್ಕೆ ಮುಕ್ತಾಯದ ದಿನಾಂಕವೇನಾದರೂ ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು.

ಸೈನಿಕ ಕಲ್ಯಾಣ ಇಲಾಖೆಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ತಿರಸ್ಕಾರದ ಪತ್ರಗಳ ಅರ್ಥವನ್ನೂ ಮೇಲ್ಮನವಿಯ ಗಡುವನ್ನೂ ಕನ್ನಡದ ಒಂದು ಹಾಳೆಯಲ್ಲಿ ಬರೆದು ಪ್ರತಿ ಜಿಲ್ಲಾ ಕಚೇರಿಯಲ್ಲಿ ಇಡಲಿ. ವರ್ಷಕ್ಕೊಮ್ಮೆ ತಾಲ್ಲೂಕಿನಲ್ಲಿ ಒಂದು ದಿನ ಕುಳಿತು ಹಳೆಯ ಪಿಪಿಒಗಳನ್ನು ನೋಡಿಕೊಡಲಿ. ಇದಕ್ಕೆ ಆತುರವೂ ಇದೆ. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ದಾಖಲೆಗಳನ್ನು ರೆಕಾರ್ಡ್ಸ್ ಆಫೀಸುಗಳು 25 ವರ್ಷ ಇಟ್ಟು ನಾಶಪಡಿಸುತ್ತವೆ. 2002ರಲ್ಲಿ ನಾನಾ ಎಂಬ ಮೊಹರಿನೊಂದಿಗೆ ಬರಿಗೈಯಲ್ಲಿ ಮನೆಗೆ ಬಂದವನ ಕಡತಕ್ಕೆ 2027ಕ್ಕೆ ಆ ಅವಧಿ ತುಂಬುತ್ತದೆ. ಟ್ರಂಕಿನಲ್ಲಿರುವ ಆ ಇಂಗ್ಲಿಷ್ ಪತ್ರವನ್ನು ಅಷ್ಟರೊಳಗೆ ಯಾರಾದರೂ ಹೊರತೆಗೆದು ಓದಬೇಕು.

ಇಂತಿ,
ಮಾಜಿ ಸೈನಿಕರ ಪಿಂಚಣಿ ಕಡತಗಳನ್ನು ಬಲ್ಲ ಕೆಲವರು